ಹಂಗಿಲ್ಲದ ಬೆಳಕು

ನಮ್ಮ ಖಾಲಾ ಉರ್ದು ಪ್ರಾಥಮಿಕ ಶಾಲೆಯಲ್ಲಿ ಮೂರು ದಶಕ ಮಕ್ಕಳಿಗೆ ಅಲಿಫ್, ಬೇ ತಿದ್ದಿಸಿ ನಿವೃತ್ತರಾದವರು. ಫಜರ್ ನಮಾಜಿನ ನಂತರ ಕುರ್‌ಆನ್ ಓದುವುದು, ಆಮೇಲೆ ಚಹಾ ಕುಡಿಯುತ್ತ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡುವುದು ಅವರ ಎಷ್ಟೋ ವರ್ಷಗಳ ಕ್ರಮ. ಈ ಕ್ರಮ ಈಚೆಗೆ ತಲೆಕೆಳಗಾಯಿತು. ಬೆಳಿಗ್ಗೆ ಎದ್ದಾಗ ಅಕ್ಷರಗಳು ಮಂಜಿನಲ್ಲಿ ಮುಳುಗಿದಂತೆ ಕಾಣುತ್ತಿದ್ದವು. ಹತ್ತು ಗಂಟೆ ಕಳೆಯುತ್ತಿದ್ದಂತೆ ತಾವಾಗಿಯೇ ತಿಳಿಯಾಗುತ್ತಿದ್ದವು. ಮೊದಲು ಕನ್ನಡಕ ಬದಲಾಯಿಸಿದರು. ಆಮೇಲೆ ಪೊರೆ ಬಂದಿರಬೇಕೆಂದುಕೊಂಡರು. ಪೊರೆಯೂ ಇತ್ತು, ಆದರೆ ಬೆಳಗಿನ ಮಂಜಿಗೆ ಕಾರಣ ಅದಲ್ಲ, ಅದರ ಮುಂದಿರುವ ಕಾರ್ನಿಯಾ ಎಂದು ವೈದ್ಯರು ಹೇಳಿದರು. ರೋಗದ ಹೆಸರು ಫುಕ್ಸ್ ಡಿಸ್ಟ್ರೋಫಿ. ಮುಂದೆ ಹೆಚ್ಚಾದರೆ ಸತ್ತವರ ಕಣ್ಣಿನಿಂದ ಒಂದು ಪದರ ತಂದು ಕಸಿ ಮಾಡಬೇಕಾಗುತ್ತದೆ ಎಂದೂ ಹೇಳಿದರು.

ಮನೆಗೆ ಬಂದ ಖಾಲಾ ಬುರ್ಖಾ ತೆಗೆದು ಗೂಟಕ್ಕೆ ಹಾಕುತ್ತ ಹೇಳಿದ್ದು ಒಂದೇ ಮಾತು: "ನಕ್ಕೊ ಬೇಟಾ. ಇನ್ನೊಬ್ಬರ ಕಣ್ಣು ಇಟ್ಟುಕೊಂಡು ನಾನು ಇನ್ನೇನು ನೋಡಬೇಕಾಗಿದೆ?" ಸ್ವಲ್ಪ ಹೊತ್ತಿನ ನಂತರ ಮತ್ತೊಂದು ಪ್ರಶ್ನೆ ಬಂತು. ಆ ಕಣ್ಣು ಹಿಂದೆ ನೋಡಬಾರದ್ದನ್ನು ನೋಡಿದ್ದರೆ ಅದು ಯಾರ ಲೆಕ್ಕಕ್ಕೆ? ನಾವು ನಕ್ಕೆವು, ಅವರು ನಗಲಿಲ್ಲ. ಕಾರ್ನಿಯಾ ನೋಡುವುದಿಲ್ಲ, ಬೆಳಕನ್ನು ಒಳಕ್ಕೆ ಬಿಡುತ್ತದೆ ಅಷ್ಟೆ, ಕಿಟಕಿಯ ಗಾಜಿಗೆ ಪಾಪಪುಣ್ಯವಿಲ್ಲ ಎಂದು ಸಮಜಾಯಿಷಿ ಹೇಳಿದರೂ ಅವರು ಒಪ್ಪಲಿಲ್ಲ.

ಹೀಗಿರುವಾಗ, ಈ ರೋಗಕ್ಕೆ ಕಸಿಯೇ ಇಲ್ಲದ ಒಂದು ಶಸ್ತ್ರಕ್ರಿಯೆ ಬಂದಿದೆ, ಕೆಟ್ಟ ಪದರವನ್ನು ಸುಲಿದು ತೆಗೆದು ಸುಮ್ಮನೆ ಬಿಟ್ಟರೆ ಕೆಲವರಲ್ಲಿ ಕಣ್ಣು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬುದು ನಮ್ಮ ಓದಿಗೆ ಬಂತು. ಓಡಿಹೋಗಿ ಹೇಳಿದೆವು. ಖಾಲಾ ಎರಡೂ ಕೈ ಎತ್ತಿ "ಅಲ್‌ಹಮ್ದುಲಿಲ್ಲಾಹ್, ಯಾರ ಎಹ್ಸಾನೂ ಇಲ್ಲದೆ ಆಗುತ್ತದಲ್ಲ" ಎಂದರು. ಅವರ ಸಂತೋಷದಲ್ಲಿ ನಾವೂ ಭಾಗಿಯಾದೆವು. ಆ ಸಂತೋಷದಲ್ಲಿ ಏನೋ ಸರಿಯಿಲ್ಲ ಎಂದು ನಮಗೆ ಅನಿಸತೊಡಗಿದ್ದು ಆಮೇಲೆ. ನಾವು ಕಥೆ ಬರೆಯುವವರು, ವೈದ್ಯರೂ ಅಲ್ಲ, ಆಲಿಮರೂ ಅಲ್ಲ. ಆದರೂ ಆ ಸರಿಯಿಲ್ಲದ್ದು ಏನು ಎಂದು ಓದುಗರ ಮುಂದೆ ಇಟ್ಟು ನೋಡಬೇಕೆನಿಸಿದೆ.

ಮೊದಲು ರೋಗದ ವಿಷಯ. ಕಣ್ಣಿನ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಹೊದಿಕೆಯೇ ಕಾರ್ನಿಯಾ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಹಿಂಬದಿಗೆ, ಅಂದರೆ ಕಣ್ಣಿನ ಒಳಗಿನ ನೀರಿಗೆ ತಾಗಿಕೊಂಡಂತೆ, ಡೆಸ್ಸೆಮೆ ಪೊರೆ ಎಂಬ ತೆಳ್ಳನೆಯ ಹಾಳೆಯಿದೆ. ಆ ಹಾಳೆಯ ಮೇಲೆ ಜೇನುಗೂಡಿನಂತೆ ಆರು ಮೂಲೆಯ ಜೀವಕೋಶಗಳು ಒಂದೇ ಒಂದು ಸಾಲಾಗಿ ಹಾಸಿಕೊಂಡಿವೆ. ಈ ಸಾಲಿನ ದಪ್ಪ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗ. ಕಾರ್ನಿಯಾದೊಳಗೆ ಸದಾ ಜಿನುಗುವ ನೀರನ್ನು ಹೊರಕ್ಕೆ ಎತ್ತಿಹಾಕುವುದು ಇವುಗಳ ಕೆಲಸ. ಈ ಪಂಪು ನಿಂತರೆ ಕಾರ್ನಿಯಾ ನೀರು ಕುಡಿದು ಊದಿಕೊಳ್ಳುತ್ತದೆ, ಗಾಜು ಮಸುಕಾಗುತ್ತದೆ. ಚರ್ಮದ ಕೋಶಗಳಂತೆ ಇವು ಸತ್ತಾಗ ಹೊಸವು ಹುಟ್ಟಿ ಜಾಗ ತುಂಬುವುದಿಲ್ಲ. ಹುಟ್ಟುವಾಗ ತಂದದ್ದೇ ಬಂಡವಾಳ, ವಯಸ್ಸಾದಂತೆ ಅದು ಕರಗುತ್ತ ಹೋಗುತ್ತದೆ. ಆದರೂ ಬಹುಪಾಲು ಜನರಿಗೆ ಅದು ಬದುಕಿನ ಕೊನೆಯವರೆಗೆ ಸಾಕಾಗುತ್ತದೆ.

ಫುಕ್ಸ್ ರೋಗದಲ್ಲಿ ಸಾಕಾಗುವುದಿಲ್ಲ. ಡೆಸ್ಸೆಮೆ ಪೊರೆಯ ಮೇಲೆ ಹನಿಗಳಂತಹ ಗಂಟುಗಳು ಏಳುತ್ತವೆ, ಜೀವಕೋಶಗಳು ಬೇಗ ಬೇಗ ಸಾಯುತ್ತವೆ. ಇದು ಹೆಚ್ಚಾಗಿ ನಡುವಿನಿಂದ ಆರಂಭವಾಗುತ್ತದೆ. ರಾತ್ರಿ ರೆಪ್ಪೆ ಮುಚ್ಚಿರುವುದರಿಂದ ಕಾರ್ನಿಯಾದ ನೀರು ಗಾಳಿಗೆ ಆರುವುದಿಲ್ಲ, ಬೆಳಗಿನ ಮಂಜಿಗೆ ಅದೇ ಕಾರಣ. ವಿಯೆನ್ನಾದ ಕಣ್ಣಿನ ವೈದ್ಯ ಅರ್ನ್ಸ್ಟ್ ಫುಕ್ಸ್ 1910ರಲ್ಲಿ 13 ಮಂದಿ ರೋಗಿಗಳಲ್ಲಿ ಕಂಡದ್ದನ್ನು ಬರೆದಿಟ್ಟರು. ಅವರು ಗಮನಿಸಿದ್ದು ಮುಂಭಾಗದ ಮಸುಕನ್ನು. ಮೂಲ ಹಿಂಬದಿಯಲ್ಲಿದೆ ಎಂಬುದು ತಿಳಿದದ್ದು ಆನಂತರ. ರೋಗ ಕುಟುಂಬಗಳಲ್ಲಿ ಹರಿದುಬರುವುದುಂಟು, ಹೆಂಗಸರಲ್ಲಿ ಹೆಚ್ಚು.

ಇನ್ನು ಕಸಿಯ ಮಾತು. ಕನ್ನಡದಲ್ಲಿ ಮಾವಿನ ಗಿಡಕ್ಕೆ ಮಾಡುವುದೂ ಕಸಿ, ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುವುದೂ ಕಸಿಯುವುದೇ. ಉರ್ದುವಿನಲ್ಲಿ ಇದು ಪೈವಂದ್‌ಕಾರಿ. ಅಲ್ಲಿ ಹರಿದ ಬಟ್ಟೆಗೆ ಹಾಕುವ ತೇಪೆಯೂ ಪೈವಂದ್. ಒಂದು ಭಾಷೆಯಲ್ಲಿ ಕಿತ್ತುಕೊಂಡ ನೆರಳು, ಇನ್ನೊಂದರಲ್ಲಿ ಬಡವನ ಅಂಗಿಯ ತೇಪೆ. ಎರಡೂ ಭಾಷೆಗಳಲ್ಲಿ ಬೆಳೆದ ನಮಗೆ ಈ ಶಬ್ದಗಳೇ ಜನರ ಅಂಜಿಕೆಯನ್ನು ಹೇಳುತ್ತಿರುವಂತೆ ಕಾಣುತ್ತದೆ.

ಮನುಷ್ಯನ ಕಾರ್ನಿಯಾವನ್ನು ಇನ್ನೊಬ್ಬ ಮನುಷ್ಯನಿಗೆ ಇಟ್ಟು ಯಶಸ್ಸು ಕಂಡ ಮೊದಲ ಶಸ್ತ್ರಕ್ರಿಯೆ ನಡೆದದ್ದು 1905ರ ಡಿಸೆಂಬರಿನಲ್ಲಿ, ಇಂದಿನ ಝೆಕ್ ದೇಶದ ಓಲೋಮೌಟ್ಸ್ ಊರಿನಲ್ಲಿ. ವೈದ್ಯರು ಎಡ್ವರ್ಡ್ ಝಿರ್ಮ್. ರೋಗಿ ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಯಾಳು. ಕಾರ್ನಿಯಾ ಬಂದದ್ದು ಸತ್ತವರಿಂದಲ್ಲ. ಕಬ್ಬಿಣದ ಚೂರು ಹೊಕ್ಕು ಕೆಟ್ಟುಹೋದ ಕಣ್ಣನ್ನು ತೆಗೆಸಿಕೊಳ್ಳಬೇಕಾಗಿ ಬಂದ ಹನ್ನೊಂದು ವರ್ಷದ ಹುಡುಗನಿಂದ. ಇಟ್ಟ ಎರಡು ಕಸಿಗಳಲ್ಲಿ ಒಂದು ಉಳಿಯಿತು, ಕೂಲಿಯಾಳು ಮತ್ತೆ ಕೆಲಸಕ್ಕೆ ಹೋದ. ಮೃತರ ಕಣ್ಣನ್ನು ಬಳಸುವ ದಾರಿಯನ್ನು 1930ರ ದಶಕದಲ್ಲಿ ವಿಸ್ತರಿಸಿದವರು ಒಡೆಸ್ಸಾದ ಫಿಲಾಟೊವ್. ನೇತ್ರ ಬ್ಯಾಂಕುಗಳು ಹುಟ್ಟಿದ್ದು 1940ರ ದಶಕದಲ್ಲಿ.

ನಮ್ಮಲ್ಲಿ ಪ್ರಶ್ನೆ ಎದ್ದದ್ದು ಇಲ್ಲಿಯೇ. ದೇಹ ಅಲ್ಲಾಹನ ಅಮಾನತ್ತು, ನಮ್ಮದಲ್ಲದ್ದನ್ನು ನಾವು ದಾನ ಮಾಡುವುದು ಹೇಗೆ? ಸತ್ತವರ ದೇಹಕ್ಕೂ ಬದುಕಿರುವವರ ದೇಹದಷ್ಟೇ ಮರ್ಯಾದೆಯಿದೆ, ಅದಕ್ಕೆ ಕತ್ತರಿ ಹಾಕಬಹುದೇ? ಇವು ಹಗುರವಾದ ಪ್ರಶ್ನೆಗಳಲ್ಲ. ಈಜಿಪ್ಟಿನ ಮುಫ್ತಿ ಶೇಖ್ ಹಸನ್ ಮಾಮೂನ್ 1959ರಲ್ಲೇ ಮೃತರ ಕಾರ್ನಿಯಾ ಬಳಕೆಗೆ ಅನುಮತಿ ನೀಡಿದರು. ಜಿದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿ ಷರತ್ತುಗಳೊಂದಿಗೆ ಅಂಗದಾನಕ್ಕೆ ಒಪ್ಪಿತು. ರೋಗದಿಂದಾಗಿ ತೆಗೆದುಹಾಕಿದ ಕಣ್ಣಿನ ಕಾರ್ನಿಯಾವನ್ನು ಮತ್ತೊಬ್ಬರಿಗೆ ಬಳಸಬಹುದು ಎಂದೂ ಆ ನಿರ್ಣಯದಲ್ಲಿ ಪ್ರತ್ಯೇಕವಾಗಿ ಇದೆ. ಓಲೋಮೌಟ್ಸ್‌ನ ಹುಡುಗನ ಕಥೆ ಆ ಉಲಮಾಗಳಿಗೆ ಗೊತ್ತಿತ್ತೋ ಇಲ್ಲವೋ, ಅಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇಂಥದ್ದೇ. ಇನ್ನೊಂದು ಕಡೆ, ದೇವಬಂದಿನಲ್ಲಿ ಕಲಿತು ಕಲಿಸಿ ಮುಂದೆ ಕರಾಚಿಗೆ ಹೋದ ಮುಫ್ತಿ ಮುಹಮ್ಮದ್ ಶಫೀ ಅಂಗಗಳ ಪೈವಂದ್‌ಕಾರಿಯ ವಿರುದ್ಧ ಉರ್ದುವಿನಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು. ಉಪಖಂಡದ ಅನೇಕ ಉಲಮಾಗಳ ನಿಲುವಿನ ಮೇಲೆ ಅದರ ಪ್ರಭಾವ ದೊಡ್ಡದು. ಯಾವ ಪಕ್ಷ ಸರಿ ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ವಾದದ ಒಂದು ತುದಿ ಯಾವಾಗಲೂ ಬಿಟ್ಟುಹೋಗುವುದನ್ನು ಗಮನಿಸಿದ್ದೇವೆ. ಕೊಡಬಹುದೇ ಎಂಬ ಬಗ್ಗೆ ದೊಡ್ಡ ದೊಡ್ಡ ಚರ್ಚೆಗಳಾಗಿವೆ. ನಮ್ಮ ಸಾಮಾನ್ಯ ಮನೆಗಳಲ್ಲಿ, ಪಡೆಯಬಹುದೇ ಎಂಬ ಪ್ರಶ್ನೆ ಬಂದಾಗ ಚರ್ಚೆ ಬಹಳ ಬೇಗ ಮುಗಿಯುತ್ತದೆ.

ಶ್ರೀಲಂಕಾದ ಉದಾಹರಣೆ ನೋಡಿ. ಡಾ. ಹಡ್ಸನ್ ಸಿಲ್ವಾ 1961ರಲ್ಲಿ ಕಟ್ಟಿದ ಅಲ್ಲಿನ ನೇತ್ರದಾನ ಸಂಘ ಸಾವಿರಾರು ಕಾರ್ನಿಯಾಗಳನ್ನು ಹೊರದೇಶಗಳಿಗೆ ಕಳಿಸಿದೆ. ಅವುಗಳನ್ನು ಅತಿ ಹೆಚ್ಚು ಪಡೆದ ದೇಶಗಳಲ್ಲಿ ಪಾಕಿಸ್ತಾನವೂ ಒಂದು. ಕೊಟ್ಟವರಲ್ಲಿ ಹೆಚ್ಚಿನವರು ಬೌದ್ಧರು. ಆ ಕಣ್ಣುಗಳಿಂದ ಎಷ್ಟು ಮಂದಿ ಕುರ್‌ಆನ್ ಓದಿದರೋ, ಎಷ್ಟು ಮಂದಿ ಮೊಮ್ಮಕ್ಕಳ ಮುಖ ನೋಡಿದರೋ ಲೆಕ್ಕವಿಟ್ಟವರಿಲ್ಲ. 2016ರ ಜುಲೈ 8ರಂದು ಕರಾಚಿಯಲ್ಲಿ ಅಬ್ದುಲ್ ಸತ್ತಾರ್ ಈದಿ ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ಬೇರೆ ಅಂಗಗಳನ್ನೂ ಕೊಡುವ ಮನಸ್ಸು ಅವರಿಗಿತ್ತು, ಬಳಸುವ ಸ್ಥಿತಿಯಲ್ಲಿದ್ದದ್ದು ಕಣ್ಣು ಮಾತ್ರ.

ಈಗ ಕಸಿಯಿಲ್ಲದ ಶಸ್ತ್ರಕ್ರಿಯೆಗೆ ಬರೋಣ. ಹಿಂದೆ ಕಾರ್ನಿಯಾವನ್ನು ಇಡಿಯಾಗಿ ಕತ್ತರಿಸಿ ಹೊಸದನ್ನು ಹೊಲಿಯುತ್ತಿದ್ದರು. ಕೆಟ್ಟದ್ದು ಹಿಂಬದಿಯ ಪದರ ಮಾತ್ರ ಆಗಿದ್ದರೆ ಅದನ್ನಷ್ಟೇ ಬದಲಾಯಿಸಿದರೆ ಸಾಲದೇ ಎಂದು ಕೇಳಿ ದಾರಿ ಮಾಡಿದವರಲ್ಲಿ ಮುಖ್ಯರು ಹಾಲೆಂಡಿನ ರಾಟರ್‌ಡ್ಯಾಮಿನ ಖೆರಿಟ್ ಮೆಲ್ಲೆಸ್. ಈರುಳ್ಳಿಯ ಒಳಸಿಪ್ಪೆಗಿಂತಲೂ ತೆಳುವಾದ ಆ ಹಾಳೆಯನ್ನು ಮೃತರ ಕಣ್ಣಿನಿಂದ ಬಿಡಿಸಿ, ಸುರುಳಿಯಾಗಿ ಒಳಕ್ಕೆ ಬಿಟ್ಟು, ಗಾಳಿಗುಳ್ಳೆಯಿಂದ ಮೇಲಕ್ಕೆ ಒತ್ತಿ ಅಂಟಿಸುವುದು ಅವರ ಕ್ರಮ. ಕೆಲವೊಮ್ಮೆ ಅದು ಅಂಟಿಕೊಳ್ಳದೆ ಕಳಚಿ ಕಣ್ಣಿನ ನೀರಿನಲ್ಲಿ ತೇಲುತ್ತಿತ್ತು. ಸೋತ ಶಸ್ತ್ರಕ್ರಿಯೆ ಎಂದು ಬರೆದುಕೊಳ್ಳಬೇಕಾದ ಅಂಥ ಕೆಲವು ಕಣ್ಣುಗಳು ನಿಧಾನವಾಗಿ ತಿಳಿಯಾದವು. ಮೆಲ್ಲೆಸ್ ತಂಡ 2009ರಲ್ಲಿ ಇದನ್ನು ವರದಿ ಮಾಡಿತು. ಕಸಿ ಕಳಚಿ ಬಿದ್ದಿದೆ, ಆದರೂ ಕಣ್ಣು ಕಾಣುತ್ತಿದೆ, ಹಾಗಾದರೆ ಕೆಲಸ ಮಾಡಿದವರು ಯಾರು?

ಅಂಚಿನಲ್ಲಿ ಉಳಿದಿದ್ದ ರೋಗಿಯದೇ ಜೀವಕೋಶಗಳು ಎಂಬ ಉತ್ತರ ಬಲವಾಗುತ್ತ ಹೋಯಿತು. ನಡುವಿನ ಗಂಟುಗಳಿರುವ ಪೊರೆ ತೆಗೆದುಹಾಕಿದ ಮೇಲೆ ತೆರವಾದ ಜಾಗಕ್ಕೆ ಅಂಚಿನ ಕೋಶಗಳು ಸರಿದುಬಂದು, ಮೈ ಅಗಲಿಸಿಕೊಂಡು ನೆಲ ತುಂಬುತ್ತವೆ. ಕ್ಯಾಥರಿನ್ ಕೋಲ್ಬಿ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ 11 ಮಂದಿಯ 13 ಕಣ್ಣುಗಳಲ್ಲಿ ನಡುವಿನ ನಾಲ್ಕು ಮಿಲಿಮೀಟರ್ ಅಗಲದ ವೃತ್ತವನ್ನು ಮಾತ್ರ ಸುಲಿದು, ಏನನ್ನೂ ಇಡದೆ ಬಿಟ್ಟು, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. 10 ಕಣ್ಣುಗಳು ತಿಳಿಯಾದವು. ಕೆಲವು ಒಂದು ತಿಂಗಳಲ್ಲಿ, ಕೆಲವು ಮೂರು ತಿಂಗಳಲ್ಲಿ, ಕೆಲವು ಅದಕ್ಕೂ ತಡವಾಗಿ. 3 ಕಣ್ಣುಗಳು ತಿಳಿಯಾಗಲಿಲ್ಲ, ಅವಕ್ಕೆ ಕಸಿ ಬೇಕಾಯಿತು. ಸಿಡ್ನಿಯ ಗ್ರೆಗ್ ಮೊಲೊನಿ ತಂಡ 2017ರಲ್ಲಿ ಇದರ ಜೊತೆಗೆ ರಿಪಾಸುಡಿಲ್ ಎಂಬ ಹನಿ ಔಷಧವನ್ನು ಬಳಸಿದ್ದನ್ನು ವರದಿ ಮಾಡಿತು. ಜಪಾನಿನಲ್ಲಿ ಗ್ಲಾಕೋಮಾಕ್ಕೆಂದು 2014ರಲ್ಲಿ ಅನುಮತಿ ಪಡೆದ ಔಷಧವದು, ಕೋಶಗಳು ಸರಿಯುವುದಕ್ಕೆ ನೆರವಾಗುತ್ತದೆ.

ಎಲ್ಲರಿಗೂ ಇದು ಆಗುವುದಿಲ್ಲ. ರೋಗ ನಡುವಿನಲ್ಲಷ್ಟೇ ಇರಬೇಕು, ಅಂಚಿನಲ್ಲಿ ಸಾಕಷ್ಟು ಆರೋಗ್ಯವಂತ ಕೋಶಗಳಿರಬೇಕು. ದೊಡ್ಡದಾಗಿ ಸುಲಿದರೆ ತುಂಬುವುದು ಕಷ್ಟ. ಕೋಶಗಳ ಸಂಖ್ಯೆ ಹೆಚ್ಚುವುದನ್ನು ನಂಬಿಕೊಳ್ಳುವಂತಿಲ್ಲ, ಇರುವುದರಲ್ಲೇ ಹಂಚಿಕೊಂಡು ಬಾಳಬೇಕು. ತುಂಬುವವರೆಗಿನ ವಾರಗಳು, ತಿಂಗಳುಗಳು ರೋಗಿಗೆ ಮೊದಲಿಗಿಂತ ದಟ್ಟ ಮಂಜಿನವು. ವೈದ್ಯರ ವರದಿಯಲ್ಲಿ 'ಮೂರು ತಿಂಗಳು' ಎಂದು ಒಂದು ಸಾಲಿನಲ್ಲಿ ಮುಗಿಯುವುದು ಮನೆಯಲ್ಲಿ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ಎಷ್ಟು ಉದ್ದವಾಗಿರುತ್ತದೆ ಎಂಬುದನ್ನು ಬರೆಯಲು ವರದಿಯಲ್ಲಿ ಜಾಗವಿರುವುದಿಲ್ಲ. ಪ್ರತಿಯಾಗಿ ಸಿಗುವುದೂ ಸಣ್ಣದಲ್ಲ. ಹೊರಗಿನ ಕೋಶವಿಲ್ಲದ ಮೇಲೆ ದೇಹ ಅದನ್ನು ತಿರಸ್ಕರಿಸುವ ಭಯವಿಲ್ಲ, ಅದಕ್ಕಾಗಿ ದೀರ್ಘಕಾಲ ಸ್ಟೆರಾಯ್ಡ್ ಹನಿ ಹಾಕಿಕೊಳ್ಳುವ ಕಾಟವೂ ಇಲ್ಲ.

ಇಷ್ಟು ತಿಳಿದ ಮೇಲೆ ಖಾಲಾ ಅವರ "ಯಾರ ಎಹ್ಸಾನೂ ಇಲ್ಲದೆ" ಎಂಬ ಮಾತು ಮತ್ತೆ ಕಿವಿಯಲ್ಲಿ ಕೇಳಿತು. ಎಹ್ಸಾನ್ ಎಂಬುದು ಅರಬಿಯಲ್ಲಿ ಒಳಿತನ್ನು ಚೆಂದವಾಗಿ ಮಾಡುವುದು. ಉರ್ದುವಿಗೆ ಬರುವಷ್ಟರಲ್ಲಿ ಅದು ತಲೆಯ ಮೇಲಿನ ಹೊರೆಯೂ ಆಯಿತು. ಕನ್ನಡದಲ್ಲಿ ಅದಕ್ಕೆ ಸರಿಯಾದ ಶಬ್ದ ಹಂಗು. ಹಂಗು ಬೇಡವೆನ್ನುವುದು ಸ್ವಾಭಿಮಾನ ಎಂದು ನಾವೆಲ್ಲ ಕಲಿತಿದ್ದೇವೆ. ಸಾಲಗಾರನ, ಧಣಿಯ, ಅಧಿಕಾರಿಯ ಹಂಗಿನ ವಿಷಯದಲ್ಲಿ ಅದು ನಿಜ. ಆದರೆ ಸತ್ತವರು ಕೊಟ್ಟದ್ದರಲ್ಲಿ ಹಂಗು ಹೇಗೆ ಬರುತ್ತದೆ? ಕೊಟ್ಟವರು ಎದುರಿಗೆ ಸಿಕ್ಕಿ ನೆನಪು ಮಾಡಿಕೊಡುವುದಿಲ್ಲ, ಮದುವೆಗೆ ಕರೆಯಲಿಲ್ಲವೆಂದು ಮುನಿಯುವುದಿಲ್ಲ. ನಮಗನ್ನಿಸುವುದು, ಇಲ್ಲಿ ಕಾಡುವುದು ಹಂಗಲ್ಲ, ತೀರಿಸಲು ದಾರಿಯೇ ಇಲ್ಲದ ಋಣ. ಕೊಟ್ಟು ತೀರಿಸಬಹುದಾದ ದಾರಿ ಒಂದೇ ಇದೆ, ಅದು ನಾವೂ ಕೊಡುವುದು. ಆ ದಾರಿ ತುಳಿಯಲು ಮನಸ್ಸಿಲ್ಲದವರಿಗೆ ಪಡೆಯದೆ ಇರುವುದೇ ಹೆಚ್ಚು ನೆಮ್ಮದಿ.

ಇನ್ನೊಂದು ಸಂಗತಿಯೂ ಇದೆ. ಕಸಿಯಿಲ್ಲದ ಈ ಶಸ್ತ್ರಕ್ರಿಯೆ ಹಂಗಿಲ್ಲದ್ದು ಎಂಬುದೇ ನಿಜವಲ್ಲ. ರಾಟರ್‌ಡ್ಯಾಮಿನ ಕಣ್ಣಿನೊಳಗೆ ಕಳಚಿ ತೇಲುತ್ತಿದ್ದ ಆ ಹಾಳೆ ಯಾರೋ ಸತ್ತವರು ಕೊಟ್ಟದ್ದು. ಅದು ತನ್ನ ಕೆಲಸ ಮಾಡದೆ ಹೋದದ್ದರಿಂದಲೇ ಈ ದಾರಿ ಕಂಡಿತು. ಅಮೆರಿಕದ ಆ 3 ಕಣ್ಣುಗಳು ತಿಳಿಯಾಗದೆ ಹೋದಾಗ ಹಿಂದೆ ಕಸಿ ಇತ್ತು. ಏನೂ ಇಡದೆ ಕಾದು ನೋಡೋಣ ಎಂದು ವೈದ್ಯರು ಧೈರ್ಯದಿಂದ ಹೇಳಬಲ್ಲದ್ದು ಆಗದಿದ್ದರೆ ನೇತ್ರ ಬ್ಯಾಂಕಿನಲ್ಲಿ ಯಾರದೋ ಕಾರ್ನಿಯಾ ಇದೆ ಎಂಬ ಭರವಸೆಯ ಮೇಲೆ. ಬ್ಯಾಂಕು ಖಾಲಿಯಿರುವ ಊರಿನಲ್ಲಿ ಈ ಧೈರ್ಯ ಜೂಜಾಗುತ್ತದೆ. ತನ್ನ ಕಾಲ ಮೇಲೆ ತಾನು ನಿಂತೆ ಎನ್ನುವವನ ಬೆನ್ನ ಹಿಂದೆ ಗೋಡೆಯೊಂದಿರುತ್ತದೆ, ಅವನು ತಿರುಗಿ ನೋಡಿರುವುದಿಲ್ಲ.

2012ರ ಸ್ಥಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆಯ ಪ್ರಕಾರ ಸುಮಾರು 1 ಕೋಟಿ 27 ಲಕ್ಷ ಮಂದಿ ಕಾರ್ನಿಯಾಕ್ಕಾಗಿ ಕಾದಿದ್ದರು. 70 ಮಂದಿಗೆ ಬೇಕಾದಲ್ಲಿ ಸಿಗುತ್ತಿದ್ದದ್ದು ಒಂದು. ಪ್ರಪಂಚದಲ್ಲಿ ನಡೆದ ಕಸಿಗಳಲ್ಲಿ ಅತಿ ಹೆಚ್ಚು, ಶೇ. 39ರಷ್ಟು, ಫುಕ್ಸ್ ರೋಗಿಗಳಿಗೇ ಆಗಿದ್ದವು. ಅವರಲ್ಲಿ ಕೆಲವರಾದರೂ ಸಾಲಿನಿಂದ ಪಕ್ಕಕ್ಕೆ ಸರಿದರೆ ಹಿಂದೆ ನಿಂತವರಿಗೆ ಜಾಗವಾಗುತ್ತದೆ. ಅಂದರೆ ಪಡೆಯದೆ ಇರುವುದೂ ಒಂದು ಬಗೆಯ ಕೊಡುಗೆಯೇ. 'ನನಗೆ ಇನ್ನೊಬ್ಬರದು ಬೇಡ' ಎಂದು ಸರಿಯುವವರೂ, 'ನನಗಿಂತ ಅವಶ್ಯವಿರುವವರಿಗೆ ಹೋಗಲಿ' ಎಂದು ಸರಿಯುವವರೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ವ್ಯತ್ಯಾಸವಿರುವುದು ನಿಯ್ಯತ್ತಿನಲ್ಲಿ. ನಿಯ್ಯತ್ತನ್ನು ಅಳೆಯುವ ಯಂತ್ರ ಯಾವ ಕಣ್ಣಾಸ್ಪತ್ರೆಯಲ್ಲೂ ಇಲ್ಲ, ಆದರೆ ನಮ್ಮ ನಮ್ಮ ಎದೆಗೆ ಅದು ಗೊತ್ತಿರುತ್ತದೆ.

ನಮ್ಮ ದೇಶದ ಸಾಲಿನಲ್ಲಿ ನಿಂತವರು ಬಹುಮಟ್ಟಿಗೆ ಬೇರೆಯೇ ಜನ. ಭತ್ತದ ಗರಿ ತಾಗಿ ಕಣ್ಣು ಕೀವಾದ ರೈತ, ಸೋಂಕಿನಿಂದ ಕಾರ್ನಿಯಾಕ್ಕೆ ಬಿಳಿ ಬಿದ್ದವರು, ಪೊರೆಯ ಶಸ್ತ್ರಕ್ರಿಯೆಯ ನಂತರ ಒಳಕೋಶಗಳನ್ನು ಕಳೆದುಕೊಂಡವರು. ಇವರಿಗೆ ಅಂಚಿನಿಂದ ಸರಿದು ಬಂದು ಜಾಗ ತುಂಬುವವರಿಲ್ಲ, ಹೊರಗಿನಿಂದಲೇ ಬರಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನಲ್ಲಿ ಪದರ ಬಿಡಿಸಿ ನಾಲ್ವರಿಗೆ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಮುಂಪದರ ಇಬ್ಬರಿಗೆ, ಒಳಪದರ ಇಬ್ಬರಿಗೆ. ಆ ದಿನಗಳಲ್ಲಿ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ನಾವೂ ಒಂದು ಫಾರಂ ತಂದೆವು. ಅದು ಇನ್ನೂ ನಮ್ಮ ಮೇಜಿನ ಖಾನೆಯಲ್ಲಿದೆ, ಸಹಿಯಾಗಿಲ್ಲ. ಸಹಿಗಿಂತ ಮುಖ್ಯ ಸತ್ತ ಮೇಲಿನ ಆರು ಗಂಟೆ, ಆ ಹೊತ್ತಿನಲ್ಲಿ ಮನೆಯವರು ಒಪ್ಪಿ ಫೋನ್ ಮಾಡಬೇಕು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೇವೆ. ಮಾತು ನಿಜವೇ. ಆದರೆ ಮಯ್ಯತ್ತಿನ ಮನೆಯಲ್ಲಿ, ಗುಸ್ಲಿಗೆ ನೀರು ಕಾಯಿಸುತ್ತಿರುವಾಗ, ಹಾಗೆ ಫೋನ್ ಮಾಡಿ ಎಂದು ನಾವು ನಮ್ಮ ಮಕ್ಕಳಿಗೆ ಇಂದಿಗೂ ಹೇಳಿಲ್ಲ.

ಖಾಲಾ ಅವರನ್ನು ಕರೆದುಕೊಂಡು ಮತ್ತೆ ವೈದ್ಯರ ಬಳಿ ಹೋದೆವು. ಜೀವಕೋಶಗಳ ಚಿತ್ರ ತೆಗೆದು ಎಣಿಸುವ ಯಂತ್ರದ ಮುಂದೆ ಗಲ್ಲ ಊರಿ ಕುಳಿತ ಅವರು ಪರೀಕ್ಷೆಗೆ ಕುಳಿತ ಹುಡುಗಿಯಂತೆ ಕಾಣುತ್ತಿದ್ದರು. ವೈದ್ಯರು ಚಿತ್ರವನ್ನು ನಮ್ಮ ಕಡೆ ತಿರುಗಿಸಿದರು. ಹಂಚಿನ ಸಾಲು ಕಾಣಬೇಕಾದ ಕಡೆ ಕಪ್ಪು ಮಚ್ಚೆಗಳು. ನಡುವಿನಲ್ಲಷ್ಟೇ ಅಲ್ಲ, ಅಂಚಿನಲ್ಲೂ. ಇವರಿಗೆ ಸುಲಿದು ಬಿಡುವ ಕ್ರಮ ಆಗುವುದಿಲ್ಲ, ಸರಿದು ಬರಲು ಕೋಶಗಳೇ ಉಳಿದಿಲ್ಲ ಎಂದರು.

ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಡುವ ಪದರ ಯಾರದೆಂದು ಹೇಳುತ್ತಾರೆಯೇ ಎಂದು ಕೇಳಿದರು. ಇಲ್ಲ, ಕೊಟ್ಟವರ ಹೆಸರನ್ನು ಪಡೆದವರಿಗೆ ತಿಳಿಸುವುದಿಲ್ಲ ಎಂದರು ವೈದ್ಯರು. ಆಟೋದಲ್ಲಿ ಮನೆಗೆ ಬರುವವರೆಗೆ ಖಾಲಾ ಮಾತಾಡಲಿಲ್ಲ. ರಾತ್ರಿ ಇಶಾ ನಮಾಜು ಮುಗಿಸಿ ಜಾನಿಮಾಜು ಮಡಚುತ್ತ ಕೇಳಿದರು: "ಹೆಸರೇ ಗೊತ್ತಿಲ್ಲದಿದ್ದರೆ ದುಆದಲ್ಲಿ ಯಾರೆಂದು ಹೇಳುವುದು?"

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಮರುವಾರ ಅವರೇ ಹೋಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಬಂದರು. ಆಸ್ಪತ್ರೆಯಿಂದ ಫೋನ್ ಇನ್ನೂ ಬಂದಿಲ್ಲ. ಬೆಳಿಗ್ಗೆ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತಿರುತ್ತಾರೆ, ಹತ್ತು ಗಂಟೆ ಕಳೆದ ಮೇಲೆ ಮಡಿಕೆ ಬಿಡಿಸುತ್ತಾರೆ.